ಹದಿನಾಲ್ಕಾಣೆಯ ಮುತ್ತು

ತೋಟದ ಚಪ್ಪರದಡಿ ಕೂತಿದ್ದ ದ್ವಾರಕಾಬಾಯಿ ಹಾಪೂಸ್ ಮಾವಿನಕಾಯೊಂದನ್ನು ಮೂಗಿಗೆ ಹಿಡಿದು ಮೂಸಿದರು. ಹೆಬ್ಬೆರಳಿನಿಂದ ತೊಟ್ಟಿನ ಸುತ್ತ ಸವರಿ, "ಹದಿನಾಲ್ಕಾಣೆ" ಎಂದು ತೀರ್ಪು ಕೊಟ್ಟು ಪೆಟ್ಟಿಗೆಗೆ ಇಟ್ಟರು. ಕಾಯಿಯ ಬೆನ್ನ ಮೇಲೆ ಸೊನೆ ಸುಟ್ಟ ಕಪ್ಪು ಕಲೆ ಢಾಳಾಗಿ ಕಾಣುತ್ತಿತ್ತು. ಎದುರಿಗೆ ಕೂತಿದ್ದ ಸೊಸೆ ವೈಜಯಂತಿ ಸದ್ದಿಲ್ಲದೆ ಅದನ್ನೆತ್ತಿ ತನ್ನ ಸೆರಗಿನಡಿ ಸೇರಿಸಿದಳು. ಬೆಳಗ್ಗಿನಿಂದ ಅವಳಿಗೆ ಇದೇ ಕೆಲಸ.

ದೇವಗಡದ ಆ ಕಡೆ ಮಾವನ್ನು ಇವತ್ತಿಗೂ ಆಣೆಯಲ್ಲೇ ಅಳೆಯುತ್ತಾರೆ. ಮರದಲ್ಲೇ ಪೂರ್ತಿ ಹಣ್ಣಾದರೆ ಹದಿನಾರಾಣೆ, ಕೊಯ್ಲಿಗೆ ಹದಿನಾಲ್ಕು. ದ್ವಾರಕಾಬಾಯಿ ಆರಿಸಿದ ಪೆಟ್ಟಿಗೆ ಎಂದರೆ ವಾಶಿ ಮಾರುಕಟ್ಟೆಯ ದಲ್ಲಾಳಿಗಳು ಮುಚ್ಚಳ ಎತ್ತಿ ಕೂಡ ನೋಡುತ್ತಿರಲಿಲ್ಲ. ಆ ಹೆಸರು ಮಣ್ಣುಪಾಲಾಗಲು ಒಂದು ಕಪ್ಪು ಕಲೆ ಸಾಕಿತ್ತು. ಹೆಸರು ಹಾಳಾಗಿ ಹೋಗಲಿ, ಅತ್ತೆಯ ಕಣ್ಣೇ ಹೋದರೆ? ಎಡಗಣ್ಣಿನ ಪೊರೆ ಊದುತ್ತಿದೆ, ತಡಮಾಡಬೇಡಿ ಎಂದು ಡಾಕ್ಟರು ನಿನ್ನೆ ಖಡಾಖಂಡಿತವಾಗಿ ಹೇಳಿದ್ದರು. ನಾಳೆ ಬೆಳಿಗ್ಗೆಗೆ ಆಪರೇಷನ್ ನಿಗದಿಯಾಗಿತ್ತು. ಅತ್ತೆ ಮಾತ್ರ ಜಪ್ಪಯ್ಯ ಎಂದರೂ ಒಪ್ಪುತ್ತಿರಲಿಲ್ಲ.

"ಮುತ್ತು ಇನ್ನೂ ಹಣ್ಣಾಗಿಲ್ಲ ಕಣೇ. ಹಣ್ಣಾಗ್ಲಿ, ತೆಗೆಸಿದ್ರಾಯ್ತು," ಎಂದರು ದ್ವಾರಕಾಬಾಯಿ. ಕಣ್ಣಿನ ಪೊರೆಗೆ ಅಲ್ಲಿಯವರ ಹೆಸರು ಮೋತಿಬಿಂದು. ಮೋತಿ ಎಂದ ಮೇಲೆ ಅದು ಮುತ್ತೇ, ಮುತ್ತೆಂದ ಮೇಲೆ ಅದು ಮಾಗಲೇಬೇಕು. "ನಮ್ಮಮ್ಮನೂ ಹಾಗೇ ಕಾದಿದ್ಲು."

"ಕಾದು ಏನಾಯ್ತು, ಆಯೀ?"

"ಏನಾಗ್ತದೆ? ಕುರುಡಿಯಾಗಿ ಸತ್ಲು. ಅದು ಅವಳ ಹಣೆಬರಹ."

ವೈಜಯಂತಿ ಹಲ್ಲು ಕಚ್ಚಿದಳು. ಪೇಟೆಯ ಕಣ್ಣಾಸ್ಪತ್ರೆಯಲ್ಲಿ ರೋಗಿಗಳನ್ನು ಕೂರಿಸಿಕೊಂಡು ತಿಳಿಹೇಳುವುದೇ ಅವಳ ನೌಕರಿ. ಎಂತೆಂಥ ಹಟಮಾರಿ ಮುದುಕರನ್ನು ಒಪ್ಪಿಸಿದವಳು, ಮನೆಯಲ್ಲೇ ಸೋಲುವುದೆಂದರೇನು? ರೋಗಿಗಳಿಗೆ ತೋರಿಸುವ ಪ್ಲಾಸ್ಟಿಕ್ಕಿನ ಕಣ್ಣನ್ನು ಚೀಲದಿಂದ ತೆಗೆದು, ಎರಡು ಹೋಳು ಮಾಡಿ ಅತ್ತೆಯ ಅಂಗೈಗಿಟ್ಟಳು.

"ಮುಟ್ಟಿ ನೋಡಿ. ಕಪ್ಪು ಗುಡ್ಡೆಯ ಹಿಂದೆ ಸಣ್ಣ ಬಿಲ್ಲೆ ಇದೆಯಲ್ಲ, ಹುಟ್ಟುವಾಗ ಅದು ಗಾಜಿನ ಹಾಗಿರ್ತದೆ. ವಯಸ್ಸಾದ ಹಾಗೆ ಮಬ್ಬಾಗ್ತದೆ. ಅದೇ ನಿಮ್ಮ ಮೋತಿ. ಮುತ್ತೂ ಇಲ್ಲ, ಹವಳವೂ ಇಲ್ಲ."

"ಕಣ್ಣು ಕಿತ್ತು ತಟ್ಟೆಯಲ್ಲಿ ತೊಳೆದು ಮತ್ತೆ ಹಾಕ್ತಾರಂತೆ?"

"ಯಾವ ಪುಣ್ಯಾತ್ಮ ಹೇಳಿದ? ಕಣ್ಣು ಇದ್ದಲ್ಲೇ ಇರ್ತದೆ. ಮರಗಟ್ಟಿಸೋ ಔಷಧಿ ಹಾಕಿ, ಚೂರೇ ಚೂರು ಕೊಯ್ದು, ಮಬ್ಬಾದ ಬಿಲ್ಲೆ ತೆಗೆದು ಹೊಸದು ಕೂರಿಸ್ತಾರೆ. ನೀವು ಎಚ್ಚರವಾಗೇ ಇರ್ತೀರಿ."

"ಊರವರ ಕಣ್ಣೆಲ್ಲ ಮುಗೀತು, ಈಗ ಅತ್ತೆ ಕಣ್ಣಿಗೆ ಬಂದ್ಳು ಮಹಾರಾಯ್ತಿ!" ಎಂದು ನಕ್ಕು ದ್ವಾರಕಾಬಾಯಿ ಪ್ಲಾಸ್ಟಿಕ್ ಕಣ್ಣನ್ನು ಬದಿಗಿಟ್ಟರು. "ಹಣ್ಣಾಗದೆ ನಾನು ಕೀಳಿಸೋದಿಲ್ಲ."

ವೈಜಯಂತಿಗೆ ರೇಗಿಹೋಯಿತು. ಸೆರಗು ಬಿಚ್ಚಿ, ಬೆಳಗ್ಗಿನಿಂದ ಬಚ್ಚಿಟ್ಟ ಕಾಯಿಗಳನ್ನೆಲ್ಲ ಅತ್ತೆಯ ಮಡಿಲಿಗೆ ಸುರಿದಳು.

"ಇದೇನೇ?"

"ನೀವು ಹದಿನಾಲ್ಕಾಣೆ ಅಂದದ್ದು. ಎಲ್ಲದಕ್ಕೂ ಕಲೆ ಇದೆ. ಕೈಗೆ ಸಿಗೋದಲ್ಲ ಅದು, ಕಣ್ಣಿಗೇ ಸಿಗಬೇಕು."

ದ್ವಾರಕಾಬಾಯಿ ಒಂದೊಂದೇ ಕಾಯಿಯನ್ನು ಬಲಗಣ್ಣಿನ ಹತ್ತಿರ ತಂದು ತಿರುಗಿಸಿ ನೋಡಿದರು. ಮುಖ ಸಣ್ಣದಾಯಿತು. ಹೇಳಬಾರದಿತ್ತೇನೋ ಎನಿಸಿತು ವೈಜಯಂತಿಗೆ. ಆದರೂ ಬಿಡಲಿಲ್ಲ.

"ಆಯೀ, ಹಾಪೂಸನ್ನ ಹದಿನಾರಾಣೆ ಆಗ್ಲಿ ಅಂತ ಮರದಲ್ಲೇ ಬಿಡ್ತಾರಾ?"

"ಬಿಡೋನಿಗೆ ತಲೆ ಕೆಟ್ಟಿರಬೇಕು. ತೊಟ್ಟು ಕಳಚಿ ಬಿದ್ದು ಒಡೀತದೆ. ಹದಿನಾಲ್ಕಕ್ಕೆ ಕೊಯ್ದು ಹುಲ್ಲಲ್ಲಿ ಅಡೆ ಹಾಕಬೇಕು. ಅಷ್ಟೂ ಗೊತ್ತಿಲ್ವಾ ನಿಂಗೆ?"

"ನಂಗೆ ಗೊತ್ತು. ಕಣ್ಣೊಳಗಿನದ್ದು ಮಾತ್ರ ಹದಿನಾರಾಣೆ ಆಗ್ಬೇಕು ಅಂತ ನಿಮಗೆ ಯಾರು ಹೇಳಿದ್ದು? ಅದು ಊದಿದ್ರೆ ಕಣ್ಣೊಳಗಿನ ನೀರು ಹರಿಯೋ ದಾರಿ ಕಟ್ತದೆ. ಒತ್ತಡ ಏರಿ ಹಿಂದಿನ ನರ ಸತ್ತುಹೋಗ್ತದೆ. ಸತ್ತ ನರಕ್ಕೆ ಯಾವ ಡಾಕ್ಟರ ಹತ್ರಾನೂ ಮದ್ದಿಲ್ಲ. ನಿಮ್ಮಮ್ಮನಿಗೆ ಆಗಿದ್ದೂ ಇದೇ ಇರಬೇಕು. ಹಣೆಬರಹ ಅಲ್ಲ."

ದ್ವಾರಕಾಬಾಯಿ ಕೈಯಲ್ಲಿದ್ದ ಕಾಯಿಯ ತೊಟ್ಟನ್ನು ಸುಮ್ಮನೆ ಸವರುತ್ತ ಕೂತರು. ಆಮೇಲೆ ಮೆಲ್ಲಗೆ ಕೇಳಿದರು: "ನಿನ್ನ ಡಾಕ್ಟರು ಎಷ್ಟಾಣೆ ಅಂದ್ರು?"

"ಹದಿನಾಲ್ಕು ದಾಟಿದೆ ಅಂದ್ರು," ಎಂದಳು ವೈಜಯಂತಿ, ಕಣ್ಣು ಮಿಟುಕಿಸದೆ. ನಾಗಪುರದಿಂದ ಬಂದ ಆ ಡಾಕ್ಟರು ಆಣೆಯ ಹೆಸರನ್ನೇ ಎತ್ತಿದವರಲ್ಲ.

"ಅದನ್ನ ಮೊದಲೇ ಹೇಳೋಕೆ ನಿಂಗೇನಾಗಿತ್ತು ಧಾಡಿ?"

ಮರುದಿನ ಆಪರೇಷನ್ ಮೇಜಿನ ಮೇಲೆ ಮಲಗಿಸುವಾಗ ದ್ವಾರಕಾಬಾಯಿ ಡಾಕ್ಟರ ತೋಳು ಹಿಡಿದುಕೊಂಡರು. "ಮಗಾ, ತೊಟ್ಟು ಸಮೇತ ಕೊಯ್ಯಿ. ಸೊನೆ ಸೋಕಿದ್ರೆ ಕಲೆ ಉಳೀತದೆ."

ಡಾಕ್ಟರು ತಬ್ಬಿಬ್ಬಾಗಿ ವೈಜಯಂತಿಯತ್ತ ನೋಡಿದರು.

"ಹೂಂ ಅನ್ನಿ ಸರ್," ಎಂದಳು ಅವಳು.

"ಹೂಂ ಅಜ್ಜಿ," ಎಂದರು ಡಾಕ್ಟರು.

ಮಾವಿನ ಕೊಯ್ಲು ಮುಗಿಯುವ ಹೊತ್ತಿಗೆ ದ್ವಾರಕಾಬಾಯಿ ಕಪ್ಪು ಕನ್ನಡಕ ಹಾಕಿಕೊಂಡು ಮತ್ತೆ ತೋಟದ ಚಪ್ಪರಕ್ಕೆ ಬಂದು ಕೂತರು. ಧೂಳು, ಬಗ್ಗಬೇಡಿ, ಕಣ್ಣು ಉಜ್ಜಬೇಡಿ ಎಂದು ಸೊಸೆ ವಟಗುಟ್ಟುತ್ತಲೇ ಇದ್ದಳು. ಕಾಯಿ ಆರಿಸುವ ಕೆಲಸ ಅಷ್ಟು ದಿನವೂ ಅವಳದ್ದೇ. ಅತ್ತೆಯ ಹಾಗೆಯೇ ಕಾಯೊಂದನ್ನು ಮೂಸಿ, ತೊಟ್ಟು ಸವರಿ, "ಹದಿನಾಲ್ಕಾಣೆ" ಎಂದು ಗತ್ತಿನಿಂದ ಪೆಟ್ಟಿಗೆಗಿಟ್ಟು ಇನ್ನೊಂದಕ್ಕೆ ತಿರುಗಿದಳು.

ದ್ವಾರಕಾಬಾಯಿ ಕನ್ನಡಕವನ್ನು ಒಂಚೂರು ಮೇಲೆತ್ತಿ ಪೆಟ್ಟಿಗೆಯತ್ತ ನೋಡಿದರು. ಆಮೇಲೆ ಸದ್ದಿಲ್ಲದೆ ಆ ಹನ್ನೆರಡಾಣೆಯ ಕಾಯಿಯನ್ನೆತ್ತಿ ತಮ್ಮ ಸೆರಗಿನಡಿ ಸೇರಿಸಿಕೊಂಡರು.