ಗಂಗುಲಮ್ಮ ಹೊಲಿದ ಕಾದಂಬರಿ

ಹಿಂದೂಪುರದ ಇತಿಹಾಸ ಬರೆಯುವವರು ಎರಡು ಸಾವಿರದ ನಾಲ್ಕನೇ ಇಸವಿಯ ಆಷಾಢವನ್ನು ಹಾರಿಸಿಬಿಟ್ಟರೆ ಅದೊಂದು ದೊಡ್ಡ ಲೋಪವಾಗುತ್ತದೆ. ಆ ತಿಂಗಳು ಕಲ್ಯಾಣಿ ಎಂಬ ಡಿಗ್ರಿ ಓದುವ ಹುಡುಗಿಗೆ, ಇಡೀ ಊರು ಹುಡುಕಿದರೂ, ಓದಲು ಒಂದು ಕಾದಂಬರಿ ಸಿಗಲಿಲ್ಲ.

ಊರಲ್ಲಿ ಕಾದಂಬರಿಗಳಿಗೇನೂ ಬರವಿರಲಿಲ್ಲ. ಕಲ್ಯಾಣಿಗೆ ಬೇಕಾಗಿದ್ದುದು ತನ್ನ ವಯಸ್ಸಿನ ಹುಡುಗಿಯೊಬ್ಬಳು ಇನ್ನೊಬ್ಬ ಹುಡುಗಿಯ ಮೇಲೆ ಮನಸ್ಸಿಟ್ಟ ಕತೆ. ಕೊನೆಗೆ ಇಬ್ಬರಲ್ಲಿ ಯಾರಿಗೂ ಹುಚ್ಚು ಹಿಡಿಯಬಾರದು, ಯಾರೂ ಬಾವಿಗೆ ಬೀಳಬಾರದು, ಇಷ್ಟೇ ಷರತ್ತು. ಇದಕ್ಕೆಲ್ಲ ಕಾರಣ ಪರಿಗಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಲಕ್ಷ್ಮೀದೇವಿ. ಅವಳು ಕಾಲೇಜಿನಲ್ಲಿ ಕಲ್ಯಾಣಿಯ ಪಕ್ಕ ಕೂರುತ್ತಿದ್ದಳು, ಕೇಳದೆ ಕಲ್ಯಾಣಿಯ ಡಬ್ಬಿಗೆ ಕೈ ಹಾಕುತ್ತಿದ್ದಳು, ಎಕನಾಮಿಕ್ಸ್ ಪಾಠ ಶುರುವಾದರೆ ಕಲ್ಯಾಣಿಯ ಹೆಗಲಿಗೆ ತಲೆ ಕೊಟ್ಟು ನಿದ್ದೆ ಹೋಗುತ್ತಿದ್ದಳು. ಹುಡುಗ ಹುಡುಗಿಯ ವಿಷಯವಾಗಿದ್ದರೆ ಮುಂದಿನ ದಾರಿ ಎಲ್ಲ ಪುಸ್ತಕದಲ್ಲೂ ಇತ್ತು. ಮಳೆ ಬರಬೇಕು, ಕೊಡೆ ಒಂದೇ ಇರಬೇಕು. ಹಿಂದೂಪುರದಲ್ಲಿ ಮಳೆಯನ್ನು ನಂಬಿಕೊಳ್ಳುವಂತಿರಲಿಲ್ಲ, ಅದು ಬೇರೆ ಮಾತು. ತನಗೆ ಬಂದೊದಗಿದ ಸಂಗತಿಗೆ ಮಾತ್ರ ಯಾರೂ ದಾರಿ ಬರೆದಿಟ್ಟಂತೆ ಕಲ್ಯಾಣಿಗೆ ಕಾಣಲಿಲ್ಲ. ತಾನೇ ಬಾಯಿಬಿಟ್ಟು ಹೇಳೋಣವೆಂದರೆ, ಮರುದಿನದಿಂದ ಲಕ್ಷ್ಮೀದೇವಿ ಬೇರೆ ಬೆಂಚಿಗೆ ಹೋಗಿಬಿಟ್ಟರೆ?

ಹುಣಸೆಹಣ್ಣಿನ ಮಂಡಿಯ ಹಿಂದೆ ಕೊಟ್ಟೂರಪ್ಪನ ಬಾಡಿಗೆ ಪುಸ್ತಕದ ಅಂಗಡಿ. ಅಲ್ಲಿಯ ಪುಸ್ತಕ ಪತ್ತೇದಾರಿಯಾಗಲಿ ಭಕ್ತಿಯದಾಗಲಿ, ತೆರೆದ ಕೂಡಲೇ ಬಾಯಲ್ಲಿ ನೀರೂರುತ್ತಿತ್ತು. ಕೊಟ್ಟೂರಪ್ಪ ಬರೆದವರ ಹೆಸರು ಕೇಳುವವನಲ್ಲ. ಹುಡುಗ ಬಡವನೋ ಹುಡುಗಿ ಬಡವಳೋ ಎಂದು ವಿಚಾರಿಸಿ ಅದಕ್ಕೆ ತಕ್ಕ ಕಪಾಟಿಗೆ ಕೈ ಹಾಕುತ್ತಿದ್ದ. ಕಲ್ಯಾಣಿ ಬಹಳ ಯೋಚಿಸಿ, ಹುಡುಗನೇ ಇಲ್ಲದ ಕತೆ ಇದೆಯೇ ಎಂದು ಕೇಳಿದಳು.

"ಹುಡುಗ ಇಲ್ದಿದ್ರೆ ಕತೆ ಹೆಂಗಮ್ಮ ನಡೀತದೆ?" ಎಂದ ಕೊಟ್ಟೂರಪ್ಪ. ಆದರೆ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸುವುದು ಅವನ ಜಾಯಮಾನವಲ್ಲ. ಏಣಿ ಹತ್ತಿ ಒಂದನ್ನು ಎಳೆದ. "ಇದ್ರಾಗೆ ಮೊದಲ್ನೇ ಪುಟದಾಗೇ ಸತ್ತೋಗ್ತಾನೆ. ನಿಂಗೆ ಸರೋಯ್ತದೆ, ತಕೋ."

ಸತ್ತವನು ಮೂರನೇ ಅಧ್ಯಾಯದಲ್ಲಿ ದೆವ್ವವಾಗಿ ಬಂದು ಮಿಕ್ಕ ಪುಸ್ತಕವನ್ನೆಲ್ಲ ತಾನೇ ಆಕ್ರಮಿಸಿಕೊಂಡ. ಆಮೇಲೆ ಕೊಟ್ಟದ್ದು ಜೀವದ ಗೆಳತಿಯರಿಬ್ಬರ ಕತೆ. ಕಲ್ಯಾಣಿ ಅದನ್ನು ಎದೆ ಹಿಡಿದುಕೊಂಡು ಓದಿದಳು. ಒಬ್ಬಳು ತನ್ನ ಪ್ರಿಯಕರನನ್ನು ಇನ್ನೊಬ್ಬಳಿಗೆ ತ್ಯಾಗ ಮಾಡಿ ಟೀಚರ್ ಕೆಲಸಕ್ಕೆ ಸೇರಿದಳು. ವಾಪಸು ಕೊಡುವಾಗ ಕಲ್ಯಾಣಿ ಈ ಬಗ್ಗೆ ತಕರಾರು ತೆಗೆದಳು. ಮಿಕ್ಕ ಹುಡುಗಿ ಯಾವತ್ತೂ ಟೀಚರೇ ಆಗುವುದೆಂದೂ, ಅಂಗಡಿ ಇಟ್ಟಾಗಿನಿಂದ ತಾನು ಬೇರೆ ಕೆಲಸಕ್ಕೆ ಸೇರಿದವಳನ್ನು ಕಂಡಿಲ್ಲವೆಂದೂ ಕೊಟ್ಟೂರಪ್ಪ ತಿಳಿಸಿದ.

ಇಂಟರ್ನೆಟ್ ಸೆಂಟರಿಗೂ ಹೋದದ್ದಾಯಿತು. ಅಮೆರಿಕದಲ್ಲಿ ಇಂಥ ಪುಸ್ತಕಗಳಿಗೆಂದೇ, ಅದೂ ಹರೆಯದವರಿಗೆಂದೇ, ಬೇರೆ ಕಪಾಟು ಇದೆಯೆಂದು ಅಲ್ಲಿ ಗೊತ್ತಾಯಿತು. ಕಪಾಟು ಅಮೆರಿಕದಲ್ಲಿತ್ತು. ಪುಸ್ತಕಗಳ ಹೆಸರು ಒಂದೊಂದಾಗಿ ಪರದೆಯ ಮೇಲೆ ಇಳಿಯುತ್ತಿರುವಾಗ ಕರೆಂಟು ಹೋಯಿತು.

ದಸರಾ ರಜೆಗೆ ಕಲ್ಯಾಣಿ ಕಲ್ಯಾಣದುರ್ಗದ ಮನೆಗೆ ಹೋದಳು. ಅಲ್ಲಿ ಅವಳ ದೊಡ್ಡಮ್ಮ ಗಂಗುಲಮ್ಮನ ಟ್ರಂಕು ಇತ್ತು. ಗಂಗುಲಮ್ಮ ಕನ್ನಡ ವಾರಪತ್ರಿಕೆಯ ಧಾರಾವಾಹಿಗಳನ್ನು ಕತ್ತರಿಸಿ, ಕಡ್ಲೆಕಾಯಿ ಮೂಟೆ ಹೊಲಿಯುವ ದಬ್ಬಳದಿಂದಲೇ ಹೊಲಿದು, ಗೊಬ್ಬರದಂಗಡಿ ಕ್ಯಾಲೆಂಡರಿನ ರಟ್ಟು ಹಾಕಿ ಪುಸ್ತಕ ಮಾಡುವವಳು. ಆಂಧ್ರದ ಶಾಲೆಯಲ್ಲಿ ತೆಲುಗು ಕಲಿತ ಕಲ್ಯಾಣಿಗೆ ಕನ್ನಡ ಓದು ಬಂದದ್ದು ಈ ಟ್ರಂಕಿನಿಂದ. ಟ್ರಂಕಿಗೆ ಒಂದು ಕಟ್ಟಳೆಯಿತ್ತು: ಕೊನೆಯ ಕಂತು ಇಲ್ಲದ ಕತೆಗೆ ಅದರೊಳಗೆ ಜಾಗವಿಲ್ಲ. ಅಂಥದನ್ನು ಗಂಗುಲಮ್ಮ ಕೇಳಿದವರಿಗೆ ಕೊಟ್ಟುಬಿಡುತ್ತಿದ್ದಳು.

ಈಚೆಗೆ ಅವಳ ಕಣ್ಣಿಗೆ ಪೊರೆ ಬಂದಿತ್ತು. ಅಕ್ಷರ ಕಾಣದಿದ್ದರೂ ಹೊಲಿಯುವುದನ್ನು ಬಿಟ್ಟಿರಲಿಲ್ಲ. ಚಿತ್ರ ನೋಡಿ ಹೊಲಿಯುತ್ತಿದ್ದಳು. ಆ ಪತ್ರಿಕೆಗೆ ಚಿತ್ರ ಬರೆಯುವವನು ಒಬ್ಬನೇ. ಅವನ ಹುಡುಗಿಯರಿಗೆಲ್ಲ ಅದೇ ಕಣ್ಣು, ಮುಂದಕ್ಕೆ ಹಾಕಿಕೊಂಡ ಅದೇ ಜಡೆ. ಹೀಗಾಗಿ ಒಟ್ಟಿಗೆ ಬರುತ್ತಿದ್ದ ಎರಡು ಧಾರಾವಾಹಿಗಳು ಒಂದೇ ರಟ್ಟಿನೊಳಗೆ ಸೇರಿಕೊಂಡಿದ್ದವು.

ಕಲ್ಯಾಣಿಗೆ ಇದು ತಿಳಿಯದು. ಹಿಡಿಸದ ಕೊನೆಯ ಕಂತೊಂದನ್ನು ಬಿಟ್ಟರೆ ಅವಳು ಓದಿದ್ದು ಇಷ್ಟು: ವಾಸಂತಿ ಎಂಬ ನರ್ಸು, ಬರುತ್ತೇನೆಂದು ಹೇಳಿಹೋದ ಇಂಜಿನಿಯರಿಗಾಗಿ ರೈಲ್ವೆ ಸ್ಟೇಷನ್ನಿನಲ್ಲಿ ಕಾಯುತ್ತಾಳೆ. ಮುಂದಿನ ಕಂತಿನಲ್ಲಿ ಸೂಟ್‌ಕೇಸು ಹಿಡಿದು ರೈಲಿನಿಂದ ಇಳಿಯುವವಳು ಶಾರದೆ. ಅದರ ಮುಂದಿನದರಲ್ಲಿ ವಾಸಂತಿ ಮನೆಗೆ ಬಂದಾಗ ಒಳಗೆ ಯಾರೋ ದೀಪ ಹಚ್ಚಿದ್ದಾರೆ. ಶಾರದೆಗೆ ಜ್ವರ ಬರುತ್ತದೆ. ಮರು ಕಂತಿನಲ್ಲಿ ವಾಸಂತಿ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತಿದ್ದಾಳೆ. ಯಾರ ಹಣೆಯೆಂದು ಹೇಳಿರಲಿಲ್ಲ. ಹೇಳುವ ಅಗತ್ಯ ಕಲ್ಯಾಣಿಗೂ ಕಾಣಲಿಲ್ಲ.

ಎರಡನೇ ಸಲ ಓದುವಾಗ ಹೊಲಿಗೆ ಕಂಡಿತು. ಆ ಹೊತ್ತಿಗೆ ತಡವಾಗಿತ್ತು, ಪುಸ್ತಕ ಹಿಡಿಸಿಬಿಟ್ಟಿತ್ತು.

ಗಂಗುಲಮ್ಮನಿಗೆ ದೀಪಾವಳಿ ಕಳೆದ ಮೇಲೆ ಕಣ್ಣಿನ ಆಪರೇಷನ್ ಎಂದು ನಿಗದಿಯಾಗಿತ್ತು. ಕಲ್ಯಾಣಿ ಪುಸ್ತಕ ಕೇಳಿದಾಗ ಅವಳು ಹೇಳಿದಳು: "ತಕಂಡೋಗು. ಸಂಕ್ರಾಂತಿಗೆ ತಂದ್ಬುಡು. ಕಣ್ಣು ಬಂದ್ಮೇಲೆ, ಮಬ್ಬಿನಾಗೆ ಹೊಲ್ದಿದ್ನೆಲ್ಲ ಬಿಚ್ಚಿ ಸರಿಮಾಡ್ಬೇಕು ಕಣಮ್ಮ."

ಅಂದರೆ ಈ ಕತೆಗೆ ಸಂಕ್ರಾಂತಿಯವರೆಗೆ ಆಯುಸ್ಸು. ಬಾಯಿಬಿಟ್ಟು ಹೇಳಲಾಗದ್ದನ್ನು ಪುಸ್ತಕವೇ ಹೇಳಲಿ ಎಂದುಕೊಂಡು ಕಲ್ಯಾಣಿ ಅದನ್ನು ಲಕ್ಷ್ಮೀದೇವಿಯ ಕೈಗಿಟ್ಟಳು, ಓದಿನೋಡು ಎಂದಷ್ಟೇ ಹೇಳಿ. ಲಕ್ಷ್ಮೀದೇವಿಯ ಕನ್ನಡ ಗಡಿಯಾಚೆಯಿಂದ ಬರುವ ಬಸ್ಸುಗಳ ಬೋರ್ಡು ನೋಡಿ ಕಲಿತದ್ದು. ಓದು ನಿಧಾನವಾಗಿ ಸಾಗಿತು. ಕಾರ್ತೀಕ ಕಳೆಯಿತು. ಲಕ್ಷ್ಮೀದೇವಿ ಡಬ್ಬಿಗೆ ಕೈ ಹಾಕುತ್ತಿದ್ದಳು, ಪಲ್ಯಕ್ಕೆ ಉಪ್ಪು ಕಡಿಮೆ ಎನ್ನುತ್ತಿದ್ದಳು, ಪುಸ್ತಕದ ಮಾತು ಎತ್ತುತ್ತಿರಲಿಲ್ಲ. ಎಕನಾಮಿಕ್ಸ್ ಪಾಠದಲ್ಲಿ ನಿದ್ದೆ ಮಾಡುವುದನ್ನೂ ನಿಲ್ಲಿಸಿದ್ದಳು. ಕಲ್ಯಾಣಿಗೆ ಊಟ ಸೇರುತ್ತಿರಲಿಲ್ಲ. ಅದರಿಂದ ಲಕ್ಷ್ಮೀದೇವಿಗೆ ಹೆಚ್ಚು ಸಿಗುತ್ತಿತ್ತು.

ಒಂದು ಸಂಜೆ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಲಕ್ಷ್ಮೀದೇವಿ ಚೀಲದಿಂದ ಪುಸ್ತಕ ತೆಗೆದು ತೊಡೆಯ ಮೇಲಿಟ್ಟುಕೊಂಡಳು.

"ನಿಮ್ ದೊಡ್ಡಮ್ಮ ಎರಡು ಕತೆ ಕಲ್ಸಿ ಹೊಲ್ದ್ಬುಟ್ಟವ್ರೆ ಕಣೇ."

ಕಲ್ಯಾಣಿ ಎದುರಿಗಿದ್ದ ಸೋಡಾ ಅಂಗಡಿಯನ್ನು ನೋಡುತ್ತ, ಯಾವಾಗ ಗೊತ್ತಾಯಿತು ಎಂದು ಕೇಳಿದಳು.

"ಅವ್ಳು ರೈಲು ಇಳಿದಾಗ್ಲೇ."

"ಮತ್ಯಾಕೆ ಅಷ್ಟೂ ಓದ್ದೆ?"

"ಮುಂದೇನಾಯ್ತು ಅಂತ ನೋಡ್ಬೇಕಾಗಿತ್ತಲ್ಲ."

ಪರಿಗಿ ಬಸ್ಸು ಬಂತು. ಲಕ್ಷ್ಮೀದೇವಿ ಏಳಲಿಲ್ಲ. ಬಸ್ಸು ತುಂಬ ರಶ್ಶು ಎಂದಳು. ಒಳಗೆ ಇದ್ದದ್ದು ಒಬ್ಬ ಮುದುಕರು, ಒಂದು ಕೋಳಿಬುಟ್ಟಿ, ಅಷ್ಟೇ. ಬಸ್ಸು ಹೋಯಿತು.

ಆಮೇಲೆ ಅವಳು ಚೀಲದಿಂದ ಹುರಿದ ಕಡ್ಲೆಕಾಯಿಯ ಪೊಟ್ಟಣವೊಂದನ್ನು ತೆಗೆದು ಬಿಚ್ಚಿದಳು. ಪೊಟ್ಟಣದ ಕಾಗದದ ಮೇಲೆ, ಅಷ್ಟು ಕಂತು ಪತ್ತೆಯಿಲ್ಲದಿದ್ದ ಇಂಜಿನಿಯರು ವಾಸಂತಿಗೆ ತಾಳಿ ಕಟ್ಟುತ್ತಿದ್ದ.

"ಕೊನೇ ಕಂತು ಚೆನ್ನಾಗಿರ್ಲಿಲ್ಲ, ಕಿತ್ತಾಕ್ದೆ," ಎಂದಳು ಲಕ್ಷ್ಮೀದೇವಿ. "ಜ್ವರ ಬಂದಾಗ ಇಲ್ದೋನು ಈಗ ಯಾಕೆ ಬತ್ತಾನೆ."

ಇಬ್ಬರೂ ಕಡ್ಲೆಕಾಯಿ ತಿಂದರು. ಸಿಪ್ಪೆಯನ್ನು ಅದೇ ಕಾಗದದಲ್ಲಿ ಸುತ್ತಿ ಬಿಸಾಡಿದರು. ಮರುದಿನ ಎಕನಾಮಿಕ್ಸ್ ಪಾಠ ಶುರುವಾಗುತ್ತಲೇ ಲಕ್ಷ್ಮೀದೇವಿಯ ತಲೆ ಹಳೆಯ ಜಾಗಕ್ಕೆ ಬಂತು. ಆ ವಾರ ಕೊಟ್ಟೂರಪ್ಪ ದಾರಿಯಲ್ಲಿ ಕಲ್ಯಾಣಿಯನ್ನು ನಿಲ್ಲಿಸಿ, "ಏಮ್ಮಾ, ದೊರಿಕಿಂದಾ?" ಎಂದು ವಿಚಾರಿಸಿದ. ಸಿಕ್ಕಿತು ಎಂದಳು. ಯಾರು ಟೀಚರ್ ಆದರೆಂದು ಕೇಳಿದ. ಶಾರದೆ ಮೊದಲಿನಿಂದಲೂ ಟೀಚರೇ ಎಂದು ಕಲ್ಯಾಣಿ ಹೇಳಿದಾಗ ಅವನಿಗೆ ಸಮಾಧಾನವಾಯಿತು.

ಸಂಕ್ರಾಂತಿಗೆ ಗಂಗುಲಮ್ಮ ಹೊಸ ಕನ್ನಡಕ ಹಾಕಿಕೊಂಡು, ಬ್ಲೇಡು ಹಿಡಿದು ಜಗಲಿಯ ಮೇಲೆ ಕೂತಿದ್ದಳು. ಕಲ್ಯಾಣಿ ಪುಸ್ತಕ ಕೊಟ್ಟು ಪಕ್ಕದಲ್ಲೇ ನಿಂತಳು. ಗಂಗುಲಮ್ಮ ಪುಟ ತಿರುವಿದಳು, ತನ್ನ ತಪ್ಪಿಗೆ ತಾನೇ ನಕ್ಕಳು, ಮೊದಲ ಹೊಲಿಗೆಗೆ ಬ್ಲೇಡು ಇಟ್ಟು, ಹಿಂದಿನ ರಟ್ಟು ತೆರೆದು ನೋಡಿದಳು.

"ಕೊನೇ ಕಂತೆಲ್ಲಮ್ಮ?"

ಕಡ್ಲೆಕಾಯಿ ಕಟ್ಟಿಬಿಟ್ಟರು ಎಂದಳು ಕಲ್ಯಾಣಿ. ಕಲ್ಯಾಣದುರ್ಗದಲ್ಲಿ ಕಾಗದಕ್ಕೆ ಅದು ಸಹಜ ಮರಣ. ಗಂಗುಲಮ್ಮ ಬೇಸರಪಡಲಿಲ್ಲ.

"ಶಾರದೆ ಕತೇದು ಕೊನೆ ಮೊದ್ಲೇ ಬಂದಿರ್ಲಿಲ್ಲ. ಈಗ ಇದೂ ಇಲ್ಲ. ಬಿಚ್ಚಿ ಏನ್ ಮಾಡ್ಲಿ, ನೀನೇ ಇಟ್ಕೋ ಹೋಗು," ಎಂದು ಬ್ಲೇಡನ್ನು ಮುಂದಿನ ಪುಸ್ತಕಕ್ಕೆ ತಿರುಗಿಸಿದಳು.

ಪುಸ್ತಕವನ್ನು ಪರಿಗಿಯಲ್ಲಿ, ಲಕ್ಷ್ಮೀದೇವಿಯ ಮನೆಯಲ್ಲಿ ಇಟ್ಟರು. ಕಲ್ಯಾಣಿ ಅದನ್ನು ಓದಲು ಭಾನುವಾರಗಳಂದು ಅಲ್ಲಿಗೆ ಹೋಗಿಬರತೊಡಗಿದಳು.