ತೂಕ ನೋಡದೆ ಬಿಟ್ಟ ತೋಟಾಗಳು

ಭಾನುವಾರ ಮಧ್ಯಾಹ್ನ ನಮ್ಮ ಊಟ ಮುಗಿಯುವ ಹೊತ್ತಿಗೆ ಮೈದುನ ತಿಹೋಮಿರ್ ಕಂಬಳಿಯಲ್ಲಿ ಸುತ್ತಿದ ರೈಫಲ್ ತಂದು ಅಡುಗೆಮನೆಯ ಮೇಜಿನ ಮೇಲೆ ಮಲಗಿಸಿದ. ಸೈನ್ಯ ಬೇಡವೆಂದು ಮಾರಿದ ಹಳೆಯ ಮೌಸರ್. ಪರವಾನಗಿಗೆ ಎಂಟು ತಿಂಗಳು ಅಲೆದು ಚಾಚಾಕ್‌ನ ಅಂಗಡಿಯೊಂದರಿಂದ ಕೊಂಡಿದ್ದ. ಮರದ ಸಂದಿಗಳಲ್ಲಿ ಇನ್ನೂ ಕಂದು ಗ್ರೀಸು ಮೆತ್ತಿಕೊಂಡಿತ್ತು.

"ಅತ್ತಿಗೆ, ನನಗಿಂತ ಎರಡು ವರ್ಷ ದೊಡ್ಡದು. ಆದ್ರೂ ನನ್ನ ಹಾಗೆ ಸೊಂಟ ಹಿಡ್ಕೊಂಡಿಲ್ಲ ನೋಡಿ."

ಜೊತೆಗೆ ಅಷ್ಟೇ ಹಳೆಯದಾಗಿ ಕಾಣುವ ಹತ್ತು ಪೊಟ್ಟಣ ತೋಟಾ. ಸಂಜೆಯೊಳಗೆ ಕಲ್ಲುಗಣಿಯ ಬಳಿಯ ಗುರಿ ಮೈದಾನದಲ್ಲಿ ಹಾರಿಸಿ ನೋಡಬೇಕೆಂಬ ಅವಸರ ಅವನಿಗೆ. ಒಂದು ಪೊಟ್ಟಣ ಹರಿದ. ಹದಿನೈದು ಹಿತ್ತಾಳೆ ತೋಟಾಗಳ ಜೊತೆ ಒಂದು ಚೀಟಿಯೂ ಜಾರಿತು. ನವೆಂಬರ್ ೧೯೭೪. ಕೆಳಗೆ ನೀಲಿ ಮುದ್ರೆ: ೩೭.

ಮೂವತ್ತೇಳು ಅಂದರೆ ನಾನು. ತೋಟಾ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ತೂಕದ ತಪಾಸಣೆ ಮಾಡಿದವಳು.

"ದೆಸಾಂಕಾ, ನಿನ್ನ ಕೈ ದಾಟಿ ಬಂದಿರೋವೇ ಇವು," ಎಂದು ನನ್ನ ಗಂಡ ಮಿಲೋಯೆ ನಕ್ಕರು.

"ಹಾಗಾದ್ರೆ ಕಣ್ಣು ಮುಚ್ಕೊಂಡು ಹೊಡೀಬಹುದು," ಎಂದ ತಿಹೋಮಿರ್.

ನನಗೆ ನಗು ಬರಲಿಲ್ಲ. ಎದ್ದು ಜಾಮ್ ಮಾಡುವಾಗ ಸಕ್ಕರೆ ತೂಗುವ ಚಿಕ್ಕ ತಕ್ಕಡಿ ತಂದೆ.

"ಇದೇನು ಅತ್ತಿಗೆ? ಗಣಿ ಐದಕ್ಕೆ ಮುಚ್ತಾರೆ."

"ಮುಚ್ಚಲಿ. ತೂಗದೆ ಒಂದನ್ನೂ ಮುಟ್ಟಬೇಡ."

ಒಂದೊಂದಾಗಿ ತೂಗತೊಡಗಿದೆ. ಇಪ್ಪತ್ತೇಳು ಗ್ರಾಂ. ಮತ್ತೆ ಇಪ್ಪತ್ತೇಳು. ತಿಹೋಮಿರ್ ಎದ್ದು ಕಿಟಕಿಗೆ ಹೋದ, ಬಂದ, ಕಾಫಿ ಕುಡಿದ, ಮತ್ತೆ ಎದ್ದ. ನಾಲ್ಕನೇ ಪೊಟ್ಟಣ ಬಿಚ್ಚುವಾಗ ಮಿಲೋಯೆ ಮೆಲ್ಲಗೆ ಕೇಳಿದರು, "ಏನಾಯ್ತೇ?"

ಮೂವತ್ನಾಲ್ಕು ವರ್ಷ ಅವರಿಗೂ ಹೇಳದ ಮಾತು ಅಂದು ಹೇಳಿದೆ. ಆ ನವೆಂಬರಿನಲ್ಲಿ ನನ್ನ ದವಡೆ ಹಲ್ಲು ಕೊಳೆತು ಮುಖ ಊದಿತ್ತು. ರಜೆ ಕೇಳಿದರೆ ಮೇಲಿನವರು ಸಿಡುಕುತ್ತಿದ್ದರು. ಮೂರು ದಿನ ನೋವಿಗೆ ಕಣ್ಣು ಕತ್ತಲೆ ಬಂದು, ತೋಟಾ ತುಂಬಿದ ಎಷ್ಟೋ ತಟ್ಟೆಗಳನ್ನು ತೂಗದೆಯೇ ಮುದ್ರೆ ಒತ್ತಿ ಮುಂದೆ ತಳ್ಳಿದ್ದೆ.

"ಹಲ್ಲುನೋವಿಗೆ ಇಷ್ಟೊಂದಾ?" ಎಂದ ತಿಹೋಮಿರ್. ಆದರೂ ಕುಳಿತುಕೊಂಡ.

ಏಳನೇ ಪೊಟ್ಟಣದಲ್ಲಿ ಒಂದು ಇಪ್ಪತ್ನಾಲ್ಕು ತೂಗಿತು. ತಕ್ಕಡಿ ಒರೆಸಿ ಮತ್ತೆ ಇಟ್ಟೆ. ಇಪ್ಪತ್ನಾಲ್ಕು. ತಿಹೋಮಿರ್ ಅದನ್ನು ಷೆಡ್ಡಿಗೆ ಒಯ್ದು, ಗುಂಡನ್ನು ಇಕ್ಕಳದಲ್ಲಿ ಕಿತ್ತು ಮರಳಿ ಬಂದ. ಹಿತ್ತಾಳೆಯ ಕೊಳವೆಯನ್ನು ನನ್ನ ಅಂಗೈ ಮೇಲೆ ಬೋರಲು ಹಾಕಿದ. ಒಂದು ಕಾಳು ಮದ್ದೂ ಬೀಳಲಿಲ್ಲ.

ಅದನ್ನು ಹಾರಿಸಿದ್ದರೆ ತೋಟಾದ ಬುಡದ ಕಿಡಿಮದ್ದಿನ ಬಲವೊಂದಕ್ಕೇ ಗುಂಡು ಅರ್ಧ ದಾರಿ ಹೋಗಿ ನಳಿಗೆಯೊಳಗೇ ಸಿಕ್ಕಿಕೊಳ್ಳುತ್ತಿತ್ತು. ಗೊತ್ತಾಗದೆ ಮುಂದಿನದನ್ನು ಹಾರಿಸಿದರೆ ನಳಿಗೆ ಹಾರಿಸಿದವನ ಮುಖದೆದುರೇ ಸಿಡಿಯುತ್ತದೆ. ಅದು ಅವನಿಗೂ ಗೊತ್ತಿತ್ತು.

"ಅಂಗಡಿಯವನಿಗೆ ಫೋನ್ ಮಾಡು," ಎಂದೆ.

ಅದೇ ಪೆಟ್ಟಿಗೆಯಿಂದ ಇನ್ನೂ ಮೂವರು ಕೊಂಡಿದ್ದರಂತೆ. ಅಂಗಡಿಯವ ಅವರ ಹೆಸರು ಹುಡುಕಿ ತಾನೇ ಮಾತಾಡಿದ. ಇಬ್ಬರು ಮರುದಿನವೇ ತೋಟಾ ಹಿಂದಿರುಗಿಸಿದರು. ಅವನ್ನೂ ಪೆಟ್ಟಿಗೆಯಲ್ಲಿ ಉಳಿದವನ್ನೂ ನಾನೇ ಬಸ್ಸಿನಲ್ಲಿ ಅಂಗಡಿಗೆ ಹೋಗಿ ಅಲ್ಲೇ ಕುಳಿತು ತೂಗಿದೆ. ಎಲ್ಲ ಸರಿಯಿದ್ದವು. ಇವಾನಿತ್ಸಾ ಊರಿನ ಮೂರನೆಯವ, "ಎಲ್ಲಾ ಹೊಡೆದಾಯ್ತು, ಚೆನ್ನಾಗೇ ಇದ್ವು," ಎಂದು ಫೋನ್ ಇಟ್ಟುಬಿಟ್ಟನಂತೆ. ನಿಜವೋ, ಕೊಡಲು ಮನಸ್ಸಿಲ್ಲದೆ ಹೇಳಿದ್ದೋ. ಆ ಮೂರು ದಿನಗಳ ಇನ್ನುಳಿದ ಪೆಟ್ಟಿಗೆಗಳು ಎಲ್ಲಿಗೆ ಹೋದವೋ, ಯಾರ ಕೈಗೆ ಸಿಕ್ಕವೋ ಅಂಗಡಿಯವನಿಗೂ ತಿಳಿಯದು. ವಾರವಿಡೀ ಯಾವ ಕೆಲಸದಲ್ಲೂ ಮನಸ್ಸು ನಿಲ್ಲಲಿಲ್ಲ.

ಮುಂದಿನ ಶನಿವಾರ ತಿಹೋಮಿರ್ ಗಣಿಗೆ ಹೊರಟಾಗ ನಾನೂ ಕಾರು ಹತ್ತಿದೆ. ತೂಗಿದ ತೋಟಾಗಳಲ್ಲಿ ಇಪ್ಪತ್ತು ಹಾರಿಸಿದ. ಪ್ರತಿ ಸದ್ದಿನ ನಂತರವೂ "ನಿಲ್ಲು" ಎಂದು ರೈಫಲಿನ ಹಿಂಬದಿಯ ಚಿಲಕ ತೆಗೆಸಿ, ನಾನೇ ಹಿಂದಿನಿಂದ ನಳಿಗೆಯೊಳಗೆ ಇಣುಕಿದೆ. ಪ್ರತಿ ಸಲವೂ ಆಚೆ ತುದಿಯ ಬೆಳಕು ದುಂಡಗೆ ಕಂಡಿತು.

ಅವನು ಒಮ್ಮೆಯೂ ಗೊಣಗಲಿಲ್ಲ. ಕೊನೆಗೆ ರೈಫಲನ್ನು ಕಂಬಳಿಯಲ್ಲಿ ಸುತ್ತಿ ಹೇಳಿದ:

"ಇವಾನಿತ್ಸಾ ದೂರ ಏನಿಲ್ಲ ಅತ್ತಿಗೆ. ನಾಳೆ ಹೋಗಿ ಬರೋಣ. ಬೈದ್ರೆ ಬೈಸ್ಕೊಳ್ಳೋಣ."