ಉಪ್ಪಿನ ಪಕ್ಕದಲ್ಲಿಟ್ಟ ಚಿನ್ನ

ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯುವುದೂ ಬೇಡ. ನನ್ನ ಮಗಳು ಮೆಹವಿಶ್ ಏಳನೇ ಗ್ರೇಡು. ರಾಜ್ಯೋತ್ಸವಕ್ಕೆ ಮಕ್ಕಳೇ ನಾಟಕ ಬರೆಯಲಿ ಎಂದಿತು ಕನ್ನಡ ಸಂಘ. ಇವಳು ಸ್ಕೂಲಿನಲ್ಲಿ ಓದಿದ್ದ ಆಫ್ರಿಕಾದ ಮರುಭೂಮಿಯ ವ್ಯಾಪಾರದ ಮೇಲೆ ಬರೆದಳು. ಈ ಪರದೇಶದಲ್ಲೇ ಹುಟ್ಟಿದ ಮಗು, ಒಂದೊಂದು ಕನ್ನಡ ಪದಕ್ಕೂ ನನ್ನ ಜೀವ ತಿಂದು ಬರೆದದ್ದು.

ಒಂಟೆಗಳ ಮೇಲೆ ಹಲಗೆಯಂಥ ಉಪ್ಪಿನ ಗಟ್ಟಿಗಳನ್ನು ತಂದವರು ಅವನ್ನು ನದಿದಡದಲ್ಲಿಟ್ಟು ದೂರ ಹೋಗುತ್ತಿದ್ದರಂತೆ. ಚಿನ್ನದವರು ಬಂದು, ಉಪ್ಪಿನ ಪಕ್ಕ ಚಿನ್ನದ ಪುಡಿ ಇಟ್ಟು, ಅವರೂ ಮರೆಯಾಗುತ್ತಿದ್ದರಂತೆ. ಸಾಕೆನಿಸಿದರೆ ಉಪ್ಪಿನವರು ಚಿನ್ನ ಒಯ್ಯುತ್ತಿದ್ದರು, ಸಾಲದೆನಿಸಿದರೆ ಏನನ್ನೂ ಮುಟ್ಟದೆ ಮತ್ತೆ ಕಾಯುತ್ತಿದ್ದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು, ಆದರೂ ಯಾರೂ ಕದಿಯುತ್ತಿರಲಿಲ್ಲ. ಉಪ್ಪಿನ ವ್ಯಾಪಾರಿಯ ಪಾತ್ರ ತನಗೇ ಎಂದು ಮೆಹವಿಶ್ ವಾರವೆಲ್ಲ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದಳು.

ಭಾನುವಾರ ಪಕ್ಕದ ಊರು ಸುವಾನಿಯಲ್ಲಿ, ಸಂಘದ ಸಾಂಸ್ಕೃತಿಕ ಕಾರ್ಯದರ್ಶಿ ಶೀಲಾ ಅವರ ಬೇಸ್‌ಮೆಂಟಿನಲ್ಲಿ ರಿಹರ್ಸಲ್. ಹೋದ ಕೂಡಲೇ ಅವರು ನನ್ನನ್ನು ಕರೆದರು.

"ಮಕ್ಸೂದಾ, ಸ್ಕ್ರಿಪ್ಟ್ ಸೂಪರ್! ಆದ್ರೆ ಸುಮ್ನೆ ಇಟ್ಟು ಹೋಗೋದು, ಬಂದು ನೋಡೋದು, ಆಡಿಯನ್ಸ್‌ಗೆ ಬೋರ್ ಆಗುತ್ತೆ ಕಣ್ರೀ. ಒಂದು ದರೋಡೆ ಸೀನ್ ಆಡ್ ಮಾಡಿದೀನಿ. ವ್ಯಾಪಾರಿ ನನ್ನ ಮಗಳು ಶೀತಲ್. ದರೋಡೆಕೋರ ಮೆಹವಿಶ್. ಮೈತುಂಬ ಕಪ್ಪು ಬಟ್ಟೆ ಬೇಕು, ನಿಮ್ಮನೇಲಿ ಇದ್ದೇ ಇರುತ್ತಲ್ವಾ?"

ನನ್ನ ಮೈ ಉರಿದುಹೋಯಿತು. ಮೈಸೂರಿನಲ್ಲಿ ನಮ್ಮಮ್ಮ ಬುರ್ಖಾ ಹಾಕುತ್ತಾರೆ. ಅದೇನು ಕಳ್ಳರ ಯೂನಿಫಾರ್ಮೇ?

"ಆಂಟಿ, ನನ್ನ ಸ್ಟೋರೀಲಿ ರಾಬರ್ಸ್ ಇಲ್ಲ," ಎಂದಳು ಮೆಹವಿಶ್. "ದಟ್ಸ್ ದ ಹೋಲ್ ಪಾಯಿಂಟ್."

"ಇರ್ಲಿ ಪುಟ್ಟಾ, ಫನ್ ಆಗಿರುತ್ತೆ."

"ಫನ್ನಾ?" ನನ್ನ ದನಿ ಏರಿತು. "ಹಾಗಿದ್ರೆ ಶೀತಲ್‌ಗೇ ದರೋಡೆಕೋರನ ಪಾರ್ಟ್ ಕೊಡಿ."

"ಛೇ ಛೇ, ನಮ್ಮ ಶೀತಲ್‌ಗೆ ಅದೆಲ್ಲಾ ಸೂಟ್ ಆಗಲ್ಲ!"

ಬಾಯಿಂದ ಬಂದ ಮೇಲೆ ತಾನೇನು ಅಂದೆನೆಂದು ಆಕೆಗೇ ಗೊತ್ತಾಯಿತು. ಮಕ್ಕಳನ್ನು ಕರೆತಂದಿದ್ದ ಉಳಿದ ತಾಯಂದಿರು ಫೋನು ನೋಡತೊಡಗಿದರು. ಒಬ್ಬರಾದರೂ ಬಾಯಿ ಬಿಡಬಾರದೆ? ಈದ್‌ಗೆ ನಮ್ಮ ಮನೆಗೆ ಬಂದು ಬಿರಿಯಾನಿ ಹೊಡೆದು, ಡಬ್ಬಿಯಲ್ಲೂ ಕಟ್ಟಿಸಿಕೊಂಡು ಹೋದವರೇ ಎಲ್ಲರೂ. ಉಂಡ ಮನೆಗೆ ಎರಡು ಬಗೆಯುವುದೆಂದರೆ ಇದೇ.

"ನಡಿ ಮೆಹವಿಶ್," ಎಂದೆ. ಅವಳು ತನ್ನ ಹಾಳೆಗಳನ್ನು ಎತ್ತಿಕೊಂಡಳು.

"ಅಯ್ಯೋ, ಸ್ಕ್ರಿಪ್ಟ್ ಇಟ್ಟು ಹೋಗಮ್ಮಾ! ಶನಿವಾರ ಪ್ರೋಗ್ರಾಂ, ಬೇರೆ ನಾಟಕ ಎಲ್ಲಿಂದ ತರ್ಲಿ?" ಎಂದು ಶೀಲಾ ಹಾಳೆಗೇ ಕೈ ಹಾಕಿದರು.

ಮೆಹವಿಶ್ ಬಿಡಲಿಲ್ಲ. "ಆಂಟಿ, ರಾಬರ್ ರೋಲ್ ನೀವೇ ಮಾಡಿ," ಎಂದಳು.

ಕಾರು ಹತ್ತುವವರೆಗೂ ತಲೆ ಎತ್ತಿಯೇ ನಡೆದಳು. ನಮ್ಮೂರು ಲಾರೆನ್ಸ್‌ವಿಲ್ ದಾರಿ ಹಿಡಿದ ಮೇಲೆ ಅಳತೊಡಗಿದಳು.

"ಅಮ್ಮಿ, ಅವರಿಗೆಲ್ಲ ನಾನು ಹಾಗೆ ಕಾಣ್ತೀನಾ?"

ಶೀಲಾಗೆ ಬೈಯಲು ನನ್ನ ಬಾಯಲ್ಲಿ ಬೇಕಾದಷ್ಟು ಮಾತಿತ್ತು. ಅದನ್ನೆಲ್ಲ ಬಿಟ್ಟು, ಕಾರನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿ ಇವಳನ್ನು ತಬ್ಬಿಕೊಂಡೆ.